ಅಂತರಜಾಲದ ಹೆಸರುಪಟ್ಟಿ: ಮನೆತನ ಒಂದು, ಫಲಕ ಹಲವು

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಅಂತರಜಾಲವು ಈಗ ವಿದ್ಯುತ್ತಿನಷ್ಟೇ ಅವಶ್ಯಕವಾದ ಸರಕಾಗಿದೆ. 2018ರ ಏಪ್ರಿಲ್ 1ರಂದು ಕರ್ನಾಟಕವು ದೇಶದಲ್ಲಿಯೇ ಮೊದಲನೆಯದಾಗಿ ರಾಜ್ಯದೊಳಗಿನ ಸರಕು ಸಾಗಣೆಗೂ ಇ-ವೇ ಬಿಲ್ ಪದ್ಧತಿಯನ್ನು ಜಾರಿಗೆ ತಂದಿತು. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ವ್ಯಾಪಾರ ಸಂಸ್ಥೆಗಳು, ಇತರ ಸಂಸ್ಥೆಗಳಿಗೆ ಮಾಡಿದ ಮಾರಾಟಕ್ಕೆ ಇ-ಇನ್‌ವಾಯ್ಸ್ ತೆಗೆಯಬೇಕಾಯಿತು. ಸಂಪರ್ಕ ಕಡಿದುಹೋದರೆ ತುಂಬಿದ ಲಾರಿ ಗೇಟಿನೊಳಗೇ ನಿಲ್ಲುತ್ತದೆ. ಒಂದೆರಡು ಬಿಲ್ಲುಗಳನ್ನು ಮೊಬೈಲಿನಿಂದ ತೆಗೆಯಬಹುದು. ಹಂಗಾಮಿನ ದಿನದ ಐವತ್ತು ಬಿಲ್ಲುಗಳನ್ನು ಹಾಗೆ ತೆಗೆಯಲಾಗದು. ಆದುದರಿಂದಲೇ ಒಂದು ಸಂಪರ್ಕದ ಜೊತೆಗೆ ಇನ್ನೊಂದನ್ನು, ಬೇರೊಂದು ಸಂಸ್ಥೆಯಿಂದ, ಕಾಯ್ದಿಟ್ಟುಕೊಳ್ಳುವುದು ವಿವೇಕವೆನಿಸಿದೆ. ಪ್ರತಿ ತಿಂಗಳೂ ಎರಡು ಬಿಲ್ಲು ತೆರುವ ಈ ವಿವೇಕಕ್ಕೆ ಬೆಲೆ ಬರುವುದು ಆ ಎರಡು ಸಂಪರ್ಕಗಳು ನಿಜವಾಗಿಯೂ ಎರಡಾಗಿದ್ದಾಗ ಮಾತ್ರ. ಅವು ಎರಡೇ ಎಂದು ಕೊಳ್ಳುವವನು ತಿಳಿಯುವುದು ಹೇಗೆ? ಬಹುಪಾಲು ಹೆಸರಿನಿಂದ. ಹೆಸರು ಬೇರೆ, ಆದುದರಿಂದ ಸಂಸ್ಥೆ ಬೇರೆ ಎಂಬುದೇ ಆತನ ತರ್ಕ.

ಈ ತರ್ಕ ಎಷ್ಟು ದುರ್ಬಲವೆಂಬುದನ್ನು ಪೇಟೆಯ ಹಳಬರಿಗೆ ವಿವರಿಸಬೇಕಾಗಿಲ್ಲ. ಮಾರುಕಟ್ಟೆ ಪ್ರಾಂಗಣದಲ್ಲಿ ಅಣ್ಣನ ಹೆಸರಿನಲ್ಲೊಂದು, ತಮ್ಮನ ಹೆಸರಿನಲ್ಲೊಂದು, ಮನೆದೇವರ ಹೆಸರಿನಲ್ಲಿ ಮತ್ತೊಂದು ಅಡತ ಅಂಗಡಿ ಇರುವುದು ಹೊಸದಲ್ಲ. ಮೂರು ಫಲಕಗಳ ಹಿಂದೆ ಇರುವುದು ಒಂದೇ ತಿಜೋರಿ. ಊರಿನ ವ್ಯಾಪಾರಿಗೆ ಇದು ಗೊತ್ತು. ಮೂರಕ್ಕೂ ಸೇರಿಸಿ ಎಷ್ಟು ಉದ್ರಿ ಕೊಡಬಹುದೆಂಬುದನ್ನು ಆತ ಒಂದೇ ಲೆಕ್ಕದಲ್ಲಿ ತೂಗುತ್ತಾನೆ. ಹೊರಗಿನಿಂದ ಬಂದವನು ಮೂವರು ಬೇರೆ ಬೇರೆ ಗಿರಾಕಿಗಳೆಂದು ಭಾವಿಸಿ ಮೂರು ಕಡೆ ಉದ್ರಿ ಕೊಟ್ಟು, ಒಂದು ದಿನ ಮೂರು ಬಾಗಿಲುಗಳೂ ಒಟ್ಟಿಗೆ ಮುಚ್ಚಿರುವುದನ್ನು ಕಾಣುತ್ತಾನೆ. ಅಂತರಜಾಲದ ಸಗಟು ಪೇಟೆಯಲ್ಲಿ ಸಣ್ಣ ಊರಿನ ಗ್ರಾಹಕನ ಸ್ಥಿತಿ ಈ ಹೊರಗಿನವನಂತೆಯೇ ಇದೆ.

ಸಗಟು ಪೇಟೆಯ ಸ್ವರೂಪವನ್ನು ಸ್ವಲ್ಪ ತಿಳಿಯುವುದು ಅಗತ್ಯ. ಅಂತರಜಾಲವೆಂಬುದು ಒಂದೇ ಜಾಲವಲ್ಲ. ಸಾವಿರಾರು ಸ್ವತಂತ್ರ ಜಾಲಗಳ ಒಕ್ಕೂಟ. ಸ್ವಂತ ಮಾರ್ಗನೀತಿಯುಳ್ಳ ಪ್ರತಿಯೊಂದು ಜಾಲಕ್ಕೂ ಎ.ಎಸ್. ಸಂಖ್ಯೆ ಎಂಬ ಒಂದು ಗುರುತಿನ ಸಂಖ್ಯೆ ಇರುತ್ತದೆ. ಏಷ್ಯಾ ಮತ್ತು ಪೆಸಿಫಿಕ್ ಪ್ರದೇಶಕ್ಕೆ ಇಂಥ ಸಂಖ್ಯೆಗಳನ್ನು ಎಪಿನಿಕ್ ಸಂಸ್ಥೆ ನೀಡುತ್ತದೆ. ಭಾರತದಲ್ಲಿ 2012ರಿಂದ ಐರಿನ್ ಎಂಬ ರಾಷ್ಟ್ರೀಯ ನೋಂದಣಿ ವ್ಯವಸ್ಥೆಯೂ ಈ ಕಾರ್ಯ ಮಾಡುತ್ತಿದೆ. ಎರಡು ಜಾಲಗಳು ಮೂರನೆಯವನಿಗೆ ಸಾಗಣೆ ದರ ತೆರದೆ ತಮ್ಮ ತಮ್ಮ ಗ್ರಾಹಕರ ದತ್ತಾಂಶವನ್ನು ನೇರವಾಗಿ ವಿನಿಮಯ ಮಾಡಿಕೊಳ್ಳುವುದಕ್ಕೆ ಪಿಯರಿಂಗ್ ಎನ್ನುತ್ತಾರೆ. ಸಂಕೇಶ್ವರದ ಎರಡು ಅಂಗಡಿಗಳು ಪರಸ್ಪರ ಬಾಕಿಯನ್ನು ಬೆಳಗಾವಿಯ ದಲಾಲನ ಮೂಲಕ ತೀರಿಸದೆ ತಮ್ಮ ಕೀರ್ದಿಯಲ್ಲಿಯೇ ವಜಾ ಹಾಕಿಕೊಂಡಂತೆ. ದೇಶದೊಳಗಿನ ದತ್ತಾಂಶ ವಿದೇಶ ಸುತ್ತಿ ಬರುವುದನ್ನು ತಪ್ಪಿಸಲು ನಿಕ್ಸಿ ಎಂಬ ವಿನಿಮಯ ಕೇಂದ್ರ ಸಂಸ್ಥೆ 2003ರಲ್ಲಿ ಸ್ಥಾಪನೆಯಾಯಿತು. ಜಾಲಗಳು ಸೇರುವುದು ಹೆಚ್ಚಾಗಿ ಮುಂಬಯಿ, ಚೆನ್ನೈ, ಬೆಂಗಳೂರಿನಂಥ ನಗರಗಳಲ್ಲಿ. ಮೂಡಲಗಿಯ ಗಿರಾಕಿಯ ಸಂದೇಶ ಬೇರೊಂದು ಕಂಪನಿಯ ಜಾಲದಲ್ಲಿರುವ ಗೋಕಾಕದ ಅಂಗಡಿಗೆ ತಲುಪಲು ಅಷ್ಟು ದೂರ ಹೋಗಿ ಬರಬೇಕಾಗಬಹುದು.

ಯಾವ ಜಾಲ ಯಾವ ಕೇಂದ್ರದಲ್ಲಿದೆ, ಯಾರೊಡನೆ ವಿನಿಮಯಕ್ಕೆ ಸಿದ್ಧವಿದೆ, ಯಾರನ್ನು ಸಂಪರ್ಕಿಸಬೇಕು ಎಂಬುದನ್ನು ತಿಳಿಸುವ ಜಾಗತಿಕ ಹೆಸರುಪಟ್ಟಿಯೇ ಪಿಯರಿಂಗ್‌ಡಿಬಿ. 2004ರಲ್ಲಿ ಆರಂಭವಾದ ಇದು 2015ರ ಕೊನೆಯಲ್ಲಿ ಲಾಭರಹಿತ ಸಂಸ್ಥೆಯಾಗಿ ನೋಂದಣಿಯಾಯಿತು. ನೋಂದಣಿಗೆ ಶುಲ್ಕವಿಲ್ಲ, ಪ್ರತಿಯೊಂದು ಜಾಲವೂ ತನ್ನ ವಿವರವನ್ನು ತಾನೇ ಬರೆದು ತಾನೇ ತಿದ್ದಿಕೊಳ್ಳುತ್ತದೆ. ಗುಣವೂ ದೋಷವೂ ಅಲ್ಲಿಯೇ ಇವೆ. ತಾನೇ ಬರೆಯುವುದರಿಂದ ವಿವರ ತಕ್ಕಮಟ್ಟಿಗೆ ಹೊಸದಾಗಿರುತ್ತದೆ. ಆದರೆ ಹೆಸರು ಹೇಗಿರಬೇಕೆಂಬ ಶಿಸ್ತು ಬರೆಯುವ ತಂತ್ರಜ್ಞನ ಮರ್ಜಿಗೆ ಬಿಟ್ಟದ್ದು. ಒಬ್ಬನು ಪೇಟೆಯಲ್ಲಿ ರೂಢಿಯಾದ ಹೆಸರನ್ನು ಬರೆಯುತ್ತಾನೆ, ಇನ್ನೊಬ್ಬನು ಕಂಪನಿ ಕಾನೂನಿನ ಪೂರ್ಣ ಹೆಸರನ್ನು. ಮತ್ತೊಬ್ಬನು ಹತ್ತು ವರ್ಷದ ಹಿಂದೆ ಖರೀದಿಸಿದ ಕಂಪನಿಯ ಹಳೆಯ ಹೆಸರನ್ನು ಹಾಗೆಯೇ ಉಳಿಸುತ್ತಾನೆ.

ಭಾರತದ ಉದಾಹರಣೆಗಳೇ ಸಾಕು. ಸರ್ಕಾರಿ ಸ್ವಾಮ್ಯದ ವಿದೇಶ ಸಂಚಾರ ನಿಗಮವು 2002ರಲ್ಲಿ ಟಾಟಾ ಸಮೂಹದ ಕೈಸೇರಿತು. ಆ ಬಳಿಕ ಅದು ಟೆಲಿಗ್ಲೋಬ್ ಎಂಬ ಅಂತರರಾಷ್ಟ್ರೀಯ ಜಾಲವನ್ನು ಕೊಂಡಿತು. 2008ರಲ್ಲಿ ಟಾಟಾ ಕಮ್ಯುನಿಕೇಷನ್ಸ್ ಎಂದು ಹೆಸರು ಬದಲಿಸಿಕೊಂಡಿತು. ನಿಗಮದ ಜಾಲದ ಸಂಖ್ಯೆ 4755, ಟೆಲಿಗ್ಲೋಬಿನದು 6453. ಎರಡೂ ಈಗ ಒಂದೇ ಮನೆಯವು, ಆದರೆ ಎರಡೂ ಬೇರೆ ಬೇರೆ ಜಾಲಗಳಾಗಿಯೇ ಮುಂದುವರಿದಿವೆ. ಭಾರ್ತಿ ಏರ್‌ಟೆಲ್ ಸಂಸ್ಥೆಗೆ 9498, 24560, 45609 ಎಂಬ ಸಂಖ್ಯೆಗಳಿವೆ. ಮೊದಲನೆಯದು ಮುಖ್ಯ ಜಾಲ, ಎರಡನೆಯದು ಮನೆ ಮತ್ತು ಕಚೇರಿಗಳ ಬ್ರಾಡ್‌ಬ್ಯಾಂಡಿನದು, ಮೂರನೆಯದು ಮೊಬೈಲಿನದು. ಭಾರತ ಸಂಚಾರ ನಿಗಮದ 9829ರ ನೋಂದಣಿಯಲ್ಲಿ ಎದ್ದುಕಾಣುವುದು ನ್ಯಾಷನಲ್ ಇಂಟರ್‌ನೆಟ್ ಬ್ಯಾಕ್‌ಬೋನ್ ಎಂಬ ಯೋಜನೆಯ ಹೆಸರು. ಹೊರದೇಶಗಳಲ್ಲಿಯೂ ಇದೇ ಕಥೆ. 3356 ಎಂಬ ಸಂಖ್ಯೆಯ ಜಾಲ ಲೆವೆಲ್ ತ್ರೀ ಆಗಿತ್ತು; 2017ರಲ್ಲಿ ಸೆಂಚುರಿಲಿಂಕ್ ಪಾಲಾಯಿತು; ಆ ಕಂಪನಿ 2020ರಲ್ಲಿ ಲುಮೆನ್ ಎಂಬ ಹೆಸರು ತಳೆಯಿತು. 1299ರ ಟೆಲಿಯಾ 2022ರಲ್ಲಿ ಅರೆಲಿಯನ್ ಆಯಿತು. ಸಂಖ್ಯೆ ಕದಲಲಿಲ್ಲ, ಹೆಸರು ಮಾತ್ರ ಮೂರು ಬಾರಿ ಬಣ್ಣ ಬದಲಿಸಿತು.

ಹಾಗಾದರೆ ಸಂಖ್ಯೆಯನ್ನೇ ನಂಬಿದರೆ ಸಾಲದೇ ಎಂದು ಕೇಳಬಹುದು. ವ್ಯಾಪಾರಸ್ಥರಿಗೆ ಚಿರಪರಿಚಿತವಾದ ಜಿ.ಎಸ್.ಟಿ. ಸಂಖ್ಯೆಯೊಡನೆ ಹೋಲಿಸಿದರೆ ಉತ್ತರ ಸ್ಪಷ್ಟವಾಗುತ್ತದೆ. ಆ ಸಂಖ್ಯೆಯಲ್ಲಿ 15 ಅಕ್ಷರಗಳು. ಮೊದಲ ಎರಡು ರಾಜ್ಯದ ಗುರುತು, ಕರ್ನಾಟಕಕ್ಕೆ 29. ನಂತರದ ಹತ್ತು ಅಕ್ಷರಗಳು ಸಂಸ್ಥೆಯ ಪ್ಯಾನ್. ಒಂದೇ ಸಂಸ್ಥೆ ಕೊಲ್ಹಾಪುರದಲ್ಲೊಂದು, ಹುಕ್ಕೇರಿಯಲ್ಲೊಂದು ನೋಂದಣಿ ಹೊಂದಿ ಎರಡು ವ್ಯಾಪಾರಿ ಹೆಸರುಗಳಲ್ಲಿ ಮಾರಾಟ ಮಾಡಿದರೂ ನಡುವಿನ ಹತ್ತು ಅಕ್ಷರಗಳು ಆ ನಂಟನ್ನು ಹೇಳಿಬಿಡುತ್ತವೆ. ಎ.ಎಸ್. ಸಂಖ್ಯೆಗೆ ಇಂಥ ಹೊಟ್ಟೆಯೊಳಗಿನ ಗುರುತಿಲ್ಲ. 4755 ಮತ್ತು 6453 ಎಂಬ ಅಂಕಿಗಳನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅವು ಒಂದೇ ಮನೆಯವೆಂದು ತಿಳಿಯದು. ಸಂಖ್ಯೆ ನಂಟನ್ನು ಹೇಳದಿರುವಾಗ ಆ ಭಾರವೆಲ್ಲ ಹೆಸರಿನ ಮೇಲೆಯೇ ಬೀಳುತ್ತದೆ. ಹೆಸರು ಅಸ್ತವ್ಯಸ್ತವಾದರೆ ನಂಟು ಕಣ್ಮರೆಯಾಗುತ್ತದೆ. ಅಂತರಜಾಲದ ಹೆಸರುಪಟ್ಟಿಯ ದೋಷ ಕೇವಲ ಕಾಗುಣಿತದ ದೋಷವಲ್ಲವೆನ್ನುವುದು ಈ ಕಾರಣಕ್ಕಾಗಿ.

ಹೆಸರು ಬದಲಾಗುತ್ತಾ ಸಂಖ್ಯೆ ಉಳಿಯುವ ಸಂಗತಿ ಗೋಕಾಕಕ್ಕೆ ಅಪರಿಚಿತವೇನಲ್ಲ. ಜಲಪಾತದ ಬಳಿಯ ನೂಲಿನ ಗಿರಣಿಯನ್ನು ಜನ ಇಂದಿಗೂ ಗೋಕಾಕ ಮಿಲ್ ಎಂದೇ ಕರೆಯುತ್ತಾರೆ. ಕಾಗದದ ಮೇಲೆ ಗಿರಣಿಯ ಒಡೆತನದ ಕಂಪನಿ ಗೋಕಾಕ ಪಟೇಲ್ ವೋಲ್ಕಾರ್ಟ್ ಆಯಿತು, ಫೋರ್ಬ್ಸ್ ಗೋಕಾಕ ಆಯಿತು. ಗಿರಣಿಗಾಗಿ 2006ರಲ್ಲಿ ಗೋಕಾಕ ಟೆಕ್ಸ್‌ಟೈಲ್ಸ್ ಎಂಬ ಪ್ರತ್ಯೇಕ ಕಂಪನಿ ನೋಂದಣಿಯಾಗಿ, ಮೂಲ ಕಂಪನಿ ಫೋರ್ಬ್ಸ್ ಅಂಡ್ ಕಂಪನಿ ಎಂಬ ಹೆಸರಿನಲ್ಲಿ ಮುಂಬಯಿಯಲ್ಲಿ ಉಳಿಯಿತು. ಆ ಮುಂಬಯಿ ಕಂಪನಿಯ ನೋಂದಣಿ ಸಂಖ್ಯೆಯೊಳಗೆ 1919 ಎಂಬ ವರ್ಷವೂ ಜವಳಿ ಉದ್ದಿಮೆಯ ಸಂಕೇತವೂ ಹಾಗೆಯೇ ಉಳಿದಿವೆ. ಗಿರಣಿ ಬೇರೆಯಾದರೂ ಅಂಕಿಗಳು ಹಳೆಯ ನೂಲನ್ನು ಬಿಟ್ಟಿಲ್ಲ. ಹುಕ್ಕೇರಿಯ ವಿಷಯವೂ ಸ್ವಾರಸ್ಯಕರ. 1969ರಲ್ಲಿ ಸ್ಥಾಪನೆಯಾದ ಇಲ್ಲಿನ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ದೇಶದ ಮೊದಲ ಐದು ಪ್ರಾಯೋಗಿಕ ಸಂಘಗಳಲ್ಲಿ ಒಂದು. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಎರಡು ಕೆ ಅಕ್ಷರಗಳಿಂದ ಬರೆಯುವುದು ರೂಢಿಯಾದರೂ ಸಂಘದ ದಾಖಲೆಗಳಲ್ಲಿ ಒಂದೇ ಕೆ ಕಾಣುತ್ತದೆ. ಗಣಕಯಂತ್ರದಲ್ಲಿ ಒಂದನ್ನು ಹುಡುಕಿದವನಿಗೆ ಇನ್ನೊಂದು ಸಿಗದೆ ಹೋಗಬಹುದು. ಮೂಡಲಗಿಯ ಹೆಸರನ್ನಂತೂ ಇಂಗ್ಲಿಷಿನಲ್ಲಿ ಮೂರು ಬಗೆಯಾಗಿ ಬರೆಯುತ್ತಾರೆ. ಹಳೆಯ ದಾಖಲೆಗಳಲ್ಲಿ ಅದರ ಮುಂದೆ ಗೋಕಾಕ ತಾಲೂಕು ಎಂದೂ, ಹೊಸವುಗಳಲ್ಲಿ ಸ್ವತಂತ್ರ ತಾಲೂಕೆಂದೂ ಇರುತ್ತದೆ. ಜಿಲ್ಲೆಯ ಹೆಸರೇ 2014ರ ನವೆಂಬರ್ 1ರಂದು ಬೆಲ್ಗಾಮ್ ಹೋಗಿ ಬೆಳಗಾವಿಯಾಯಿತು. ಸಂಕೇಶ್ವರದ ಸಕ್ಕರೆ ಕಾರ್ಖಾನೆ ಕಾಗದದಲ್ಲಿ ಹಿರಣ್ಯಕೇಶಿ, ಬಾಯಿಮಾತಿನಲ್ಲಿ ಹಿರಾ ಶುಗರ್. ಸ್ಥಳೀಯರಿಗೆ ಇದರಿಂದ ಯಾವ ತೊಡಕೂ ಇಲ್ಲ, ಏಕೆಂದರೆ ಅವರಿಗೆ ಕಾರ್ಖಾನೆಯೇ ಗೊತ್ತು. ಮುಂಬಯಿಯ ತಂತ್ರಜ್ಞನಿಗಾಗಲಿ, ಅವನು ಬರೆದ ಹೆಸರುಪಟ್ಟಿಯನ್ನು ಓದುವ ಹುಕ್ಕೇರಿಯ ಉದ್ದಿಮೆದಾರನಿಗಾಗಲಿ ಆ ಅನುಕೂಲವಿಲ್ಲ.

ಇದರ ಪೆಟ್ಟು ಎಲ್ಲಿ ಬೀಳುತ್ತದೆ? ತಾಲೂಕು ಮಟ್ಟದಲ್ಲಿ ತಂತಿ ಎಳೆಯುವ ಸಣ್ಣ ಸೇವಾದಾರರು ಬ್ಯಾಂಡ್‌ವಿಡ್ತನ್ನು ದೊಡ್ಡ ಜಾಲಗಳಿಂದ ಸಗಟಾಗಿ ಕೊಂಡು ಚಿಲ್ಲರೆಯಾಗಿ ಮಾರುತ್ತಾರೆ. ಗೋಕಾಕದ ಒಬ್ಬ ಉದ್ದಿಮೆದಾರನು ಇಬ್ಬರು ಬೇರೆ ಬೇರೆ ಸೇವಾದಾರರಿಂದ ಎರಡು ಸಂಪರ್ಕ ಪಡೆದನೆನ್ನೋಣ. ಇಬ್ಬರೂ ಪ್ರಾಮಾಣಿಕರು, ಇಬ್ಬರ ಅಂಗಡಿಯೂ ಬೇರೆ. ಆದರೆ ಮೊದಲನೆಯವನು ಸರಕು ತರುವ ಜಾಲವೂ ಎರಡನೆಯವನು ಸರಕು ತರುವ ಜಾಲವೂ ಸಹೋದರ ಜಾಲಗಳಾಗಿದ್ದು ಪಟ್ಟಿಯಲ್ಲಿ ಅಪರಿಚಿತರಂತೆ ಕುಳಿತಿದ್ದರೆ, ಉದ್ದಿಮೆದಾರನ ಕಾಯ್ದಿಟ್ಟ ಸಂಪರ್ಕ ಹೆಸರಿಗಷ್ಟೇ ಉಳಿಯುತ್ತದೆ. ಸೇವಾದಾರರಿಗೂ ಅದು ತಿಳಿಯದಿರಬಹುದು. ಸಹೋದರ ಜಾಲಗಳೆಲ್ಲ ಒಟ್ಟಿಗೆ ಬೀಳಲೇಬೇಕೆಂದಿಲ್ಲ. ಯಂತ್ರಗಳೂ ಮಾರ್ಗಗಳೂ ಬೇರೆ ಇದ್ದರೆ ಒಂದು ಉಳಿದೀತು. ಆದರೆ ಹಾಗೆ ಬೇರೆ ಇವೆಯೇ ಎಂದು ಕೇಳಬೇಕೆನ್ನುವ ಯೋಚನೆ ಹೊಳೆಯಬೇಕಾದರೆ ಮೊದಲು ನಂಟು ಗೊತ್ತಿರಬೇಕು.

ಈ ಆತಂಕ ಕಲ್ಪನೆಯದಲ್ಲ. 2022ರ ಜುಲೈ 8ರಂದು ಕೆನಡಾ ದೇಶದ ರಾಜರ್ಸ್ ಕಂಪನಿಯ ಮೂಲಜಾಲ, ನಿರ್ವಹಣೆಯ ವೇಳೆ ಮಾಡಿದ ಒಂದು ಬದಲಾವಣೆಯಿಂದ ಕುಸಿಯಿತು. ಬ್ರಾಡ್‌ಬ್ಯಾಂಡ್, ಮೊಬೈಲ್, ದೂರವಾಣಿ ಎಲ್ಲವೂ ನಿಂತವು. ಆ ಕಂಪನಿಯದೇ ಆದ ಫಿಡೊ ಮತ್ತು ಚಾಟರ್ ಎಂಬ ಮೊಬೈಲ್ ಹೆಸರುಗಳೂ ಜೊತೆಯಲ್ಲಿಯೇ ನಿಂತವು. ಮನೆಯಲ್ಲಿ ರಾಜರ್ಸ್, ಜೇಬಿನಲ್ಲಿ ಫಿಡೊ ಇಟ್ಟುಕೊಂಡು ಎರಡು ಸಂಪರ್ಕವಿದೆಯೆಂದು ನಂಬಿದ್ದವನಿಗೆ ಅಂದು ಒಂದೂ ಇರಲಿಲ್ಲ. ದೇಶದ ಇಂಟರಾಕ್ ಎಂಬ ಹಣಪಾವತಿ ವ್ಯವಸ್ಥೆಯೂ ಸ್ತಬ್ಧವಾಯಿತು. ಅಂಗಡಿಗಳಲ್ಲಿ ಕಾರ್ಡು ನಡೆಯಲಿಲ್ಲ. ಕೆನಡಾದ ಗ್ರಾಹಕನಿಗೆ ಫಿಡೊ ಯಾರದೆಂದು ತಿಳಿಯುವುದು ಕಷ್ಟವಿರಲಿಲ್ಲ, ಆದರೂ ಪೆಟ್ಟು ತಿಂದ. ಸಗಟು ಜಾಲಗಳ ನಂಟನ್ನು ಕಂಡುಹಿಡಿಯಬೇಕಾದ ಘಟಪ್ರಭಾ ದಂಡೆಯ ವ್ಯಾಪಾರಿಯ ಪಾಡು ಅದಕ್ಕಿಂತಲೂ ಕಠಿಣ.

ನಂಟನ್ನು ಕಂಡುಹಿಡಿಯುವ ಕೆಲಸ ತಜ್ಞರಿಗೂ ಸುಲಭವಲ್ಲ. ಯಾವ ಸಂಖ್ಯೆ ಯಾವ ಸಂಸ್ಥೆಯದು ಎಂದು ಹೊಂದಿಸುವ ಪಟ್ಟಿಯನ್ನು ಅಮೆರಿಕದ ಕೈಡಾ ಸಂಶೋಧನಾ ಕೇಂದ್ರವು ನೋಂದಣಿ ದಾಖಲೆಗಳಿಂದ ಸಿದ್ಧಪಡಿಸುತ್ತ ಬಂದಿದೆ. ಅದು ಸಾಲದೆಂದು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಂಶೋಧಕರು ಪಿಯರಿಂಗ್‌ಡಿಬಿಯ ಟಿಪ್ಪಣಿಗಳನ್ನೂ, ಇತರ ಹೆಸರು ಎಂಬ ಅಂಕಣವನ್ನೂ ಜಾಲಾಡಿ, ಅಲ್ಲಿ ಯಾರೋ ಸ್ವಂತ ಇಚ್ಛೆಯಿಂದ ಬರೆದಿಟ್ಟ ಸಂಖ್ಯೆಗಳಿಂದ ಸಹೋದರ ಜಾಲಗಳನ್ನು ಪತ್ತೆಹಚ್ಚಿದರು. ಮನೆಯ ಯಜಮಾನ ಒಂದು ಸಾಲಿನಲ್ಲಿ ಹೇಳಬಹುದಾಗಿದ್ದ ಸಂಬಂಧವನ್ನು ವಿದ್ವಾಂಸರು ಗಣಕಯಂತ್ರ ಹಚ್ಚಿ ಊಹಿಸಬೇಕಾದ ಪರಿಸ್ಥಿತಿ ಇದು.

ಎಲ್ಲ ಜಾಲಗಳೂ ಒಂದೇ ಹೆಸರಿಟ್ಟುಕೊಳ್ಳಬೇಕೆಂಬ ಆಗ್ರಹ ಮಾತ್ರ ಸಾಧುವಲ್ಲ. ಒಂದು ಮನೆಗೆ ಹಲವು ಜಾಲಗಳಿರುವುದಕ್ಕೆ ಪರವಾನಗಿ, ವಿಲೀನ, ತಾಂತ್ರಿಕ ವಿಭಜನೆ ಮುಂತಾದ ನ್ಯಾಯವಾದ ಕಾರಣಗಳಿವೆ. ಬೇರೆ ಹೆಸರಿರುವುದೆಲ್ಲ ಮೋಸವೆಂದು ಬಗೆಯುವುದು ಅನ್ಯಾಯ. ಮೊಬೈಲ್ ಜಾಲವನ್ನೂ ಸಗಟು ಜಾಲವನ್ನೂ ಬೇರೆ ಹೆಸರಿನಿಂದ ಗುರುತಿಸುವುದು ತಂತ್ರಜ್ಞರಿಗೆ ಅನುಕೂಲವೇ. ಹೆಸರು ಬದಲಿಸಿದ ಮಾತ್ರಕ್ಕೆ ಜನ ಅದನ್ನು ಬಳಸುತ್ತಾರೆಂಬ ಖಾತರಿಯೂ ಇಲ್ಲ. ಸಂಕೇಶ್ವರದ ಮೇಲೆ ಹಾದುಹೋಗುವ ಹೆದ್ದಾರಿಯ ಸಂಖ್ಯೆ 2010ರ ಮರುಸಂಖ್ಯೆಯಲ್ಲಿ 4 ಹೋಗಿ 48 ಆಯಿತು. ಲಾರಿ ಚಾಲಕರ ಬಾಯಲ್ಲಿ ಅದು ಇನ್ನೂ ಎನ್.ಎಚ್. ನಾಲ್ಕೇ. ಗೋಕಾಕ ರೋಡ್ ರೈಲು ನಿಲ್ದಾಣ ಗೋಕಾಕ ಪಟ್ಟಣದಲ್ಲಿ ಇಲ್ಲವೆಂಬುದು ಒಮ್ಮೆ ಅಲ್ಲಿ ಇಳಿದವನಿಗೆ ತಾನಾಗಿಯೇ ತಿಳಿಯುತ್ತದೆ. ಬೇಕಾದುದು ಹೆಸರುಗಳ ಏಕರೂಪತೆಗಿಂತ ಸಂಬಂಧದ ಬಹಿರಂಗ ನಮೂದು.

ಅದಕ್ಕೆ ಬೇಕಾದ ಸಲಕರಣೆ ಪಟ್ಟಿಯಲ್ಲಿಯೇ ಇದೆ. 2016ರಲ್ಲಿ ಪಿಯರಿಂಗ್‌ಡಿಬಿಯನ್ನು ಹೊಸದಾಗಿ ರೂಪಿಸಿದಾಗ ಸಂಸ್ಥೆ ಎಂಬ ಮೇಲಿನ ಹಂತವನ್ನು ಇಡಲಾಯಿತು. ಒಂದು ಸಂಸ್ಥೆಯ ಕೆಳಗೆ ಎಷ್ಟು ಜಾಲಗಳನ್ನಾದರೂ ಸೇರಿಸಬಹುದು. ಪ್ರತಿ ಜಾಲಕ್ಕೂ ರೂಢಿಯ ಹೆಸರು, ಪೂರ್ಣ ಹೆಸರು, ಇತರ ಹೆಸರು ಎಂದು ಪ್ರತ್ಯೇಕ ಅಂಕಣಗಳಿವೆ. ಹಳೆಯ ಹೆಸರನ್ನು ಇತರ ಹೆಸರಿನ ಅಂಕಣದಲ್ಲಿಟ್ಟು, ಜಾಲಗಳನ್ನೆಲ್ಲ ಒಂದೇ ಸಂಸ್ಥೆಯ ಕೆಳಗೆ ತಂದರೆ ಮುಕ್ಕಾಲು ಗೊಂದಲ ತೀರುತ್ತದೆ. ಒಂದೇ ಕಂಪನಿಗೆ ಎರಡು ಸಂಸ್ಥೆಗಳ ನಮೂದಾಗಿದ್ದರೆ ಅವನ್ನು ಒಗ್ಗೂಡಿಸಿಕೊಡುವಂತೆ ಪಟ್ಟಿಯ ನಿರ್ವಾಹಕರನ್ನು ಕೋರಬಹುದು. ದೊಡ್ಡ ಕಂಪನಿಗಳು ಇದನ್ನು ಮಾಡದಿರುವುದಕ್ಕೆ ಹಣದ ಅಭಾವ ಕಾರಣವಲ್ಲ. ಹೆಸರುಪಟ್ಟಿಯ ಕೆಲಸ ಯಾರ ಮೇಜಿನದೂ ಅಲ್ಲ ಎಂಬುದೇ ಕಾರಣವಿರಬೇಕು. ಪರವಾನಗಿ ಮಂಜೂರಾಗುವಾಗ, ಕಂಪನಿಗಳು ವಿಲೀನವಾಗುವಾಗ ಕೇಂದ್ರ ದೂರಸಂಪರ್ಕ ಇಲಾಖೆಯು ನೂರಾರು ಕಾಗದ ಕೇಳುತ್ತದೆ. ಕಂಪನಿಯ ಕೈಯಲ್ಲಿರುವ ಎ.ಎಸ್. ಸಂಖ್ಯೆಗಳ ಪೂರ್ಣ ಯಾದಿಯನ್ನೂ ಸಾರ್ವಜನಿಕವಾಗಿ ಪ್ರಕಟಿಸಬೇಕೆಂದು ಷರತ್ತು ಹಾಕಿದರೆ ಯಾರ ಗುಟ್ಟೂ ರಟ್ಟಾಗುವುದಿಲ್ಲ. ಯಾವ ಜಾಲ ಯಾವ ಜಾಲದ ಮೂಲಕ ಹೊರಹೋಗುತ್ತದೆ ಎಂಬ ಮಾಹಿತಿ ಈಗಾಗಲೇ ಬಹುಮಟ್ಟಿಗೆ ಬಯಲಿನಲ್ಲಿದೆ. ಮರೆಯಾಗಿರುವುದು ಒಡೆತನ ಮಾತ್ರ.

ಸಣ್ಣ ಸೇವಾದಾರರ ಹೊಣೆಯೂ ಇಲ್ಲಿದೆ. ಸ್ವಂತ ಎ.ಎಸ್. ಸಂಖ್ಯೆ ಪಡೆದವರು ಬಿಲ್ಲಿನ ಮೇಲೆ ಒಂದು ಹೆಸರು, ಪರವಾನಗಿಯಲ್ಲಿ ಇನ್ನೊಂದು, ಹೆಸರುಪಟ್ಟಿಯಲ್ಲಿ ಮಗದೊಂದು ಇಟ್ಟುಕೊಂಡರೆ ನಷ್ಟ ಅವರದೇ. ದೂರದ ಜಾಲದ ತಂತ್ರಜ್ಞನು ವಿನಿಮಯಕ್ಕೆ ಒಪ್ಪುವ ಮೊದಲು ಅರ್ಜಿದಾರ ಯಾರೆಂದು ಪಟ್ಟಿಯಲ್ಲಿ ನೋಡುತ್ತಾನೆ. ಮಿಂಚಂಚೆಯಲ್ಲಿರುವ ಹೆಸರೂ ಪಟ್ಟಿಯಲ್ಲಿರುವ ಹೆಸರೂ ತಾಳೆಯಾಗದಿದ್ದರೆ ಪತ್ರ ಅಲ್ಲಿಯೇ ಉಳಿಯುತ್ತದೆ. ನೇರವಾಗಿ ಸಿಗಬಹುದಾಗಿದ್ದ ವಿನಿಮಯಕ್ಕೆ ಸಾಗಣೆ ದರ ತೆರಬೇಕಾಗುತ್ತದೆ, ಆ ದರ ಕೊನೆಗೆ ಬರುವುದು ಮೂಡಲಗಿಯ ಅಂಗಡಿಯ ಬಿಲ್ಲಿಗೆ.

ಇನ್ನು ಕೊಳ್ಳುವವರು. ಸಂಪರ್ಕದ ಕರಾರನ್ನು ನವೀಕರಿಸುವಾಗ ವೇಗ ಎಷ್ಟು, ದರ ಎಷ್ಟು ಎಂಬುದರ ಜೊತೆಗೆ ನಾಲ್ಕು ವಿವರಗಳನ್ನು ಬರಹದಲ್ಲಿ ಪಡೆಯುವುದು ಅವರ ಹಕ್ಕು. ಸೇವಾದಾರನದು ಯಾವ ಎ.ಎಸ್. ಸಂಖ್ಯೆ, ಆತ ಸಗಟಾಗಿ ಕೊಳ್ಳುವುದು ಯಾವ ಸಂಖ್ಯೆಯ ಜಾಲಗಳಿಂದ, ಅವು ಯಾರ ಒಡೆತನದವು, ಮತ್ತು ಎಳೆ ಯಾವ ದಾರಿಯಲ್ಲಿ ಬೆಳಗಾವಿಗೆ ಹೋಗುತ್ತದೆ. ಕೊನೆಯದನ್ನು ಯಾವ ಹೆಸರುಪಟ್ಟಿಯೂ ಹೇಳದು. ಎರಡು ನಿಜವಾಗಿಯೂ ಬೇರೆ ಮನೆಗಳ ಎಳೆಗಳು ಸಂಕೇಶ್ವರ, ಯಮಕನಮರಡಿಯ ಹೆದ್ದಾರಿ ಬದಿಯ ಒಂದೇ ಗುಂಡಿಯಲ್ಲಿ ಮಲಗಿದ್ದರೆ ಜೆ.ಸಿ.ಬಿ. ಯಂತ್ರಕ್ಕೆ ಒಡೆತನದ ಭೇದ ತಿಳಿಯುವುದಿಲ್ಲ. ಒಂದು ಹೆದ್ದಾರಿಯ ಗುಂಟ ಬಂದರೆ ಇನ್ನೊಂದು ಘಟಪ್ರಭಾ, ಪಾಚ್ಛಾಪುರದ ರೈಲು ಹಳಿಯ ಗುಂಟ ಬರುವಂತೆ ನೋಡಿಕೊಳ್ಳುವುದು ಸಾಧ್ಯವಿದ್ದಲ್ಲಿ ಮೇಲು.

ವಾಣಿಜ್ಯೋದ್ಯಮ ಸಂಸ್ಥೆಗಳು ಸದಸ್ಯರ ಯಾದಿಯನ್ನು ಮುದ್ರಿಸುವಾಗಲೂ ಇದೇ ಕ್ರಮವನ್ನು ಅನುಸರಿಸಬಹುದು. ವ್ಯಾಪಾರಿ ಹೆಸರಿನ ಕೆಳಗೆ ಜಿ.ಎಸ್.ಟಿ. ಸಂಖ್ಯೆ, ಹಿಂದಿನ ಹೆಸರಿದ್ದರೆ ಆ ಹೆಸರು, ಒಂದೇ ಒಡೆತನದ ಇತರ ಸಂಸ್ಥೆಗಳು, ಊರಿನ ಹೆಸರಿಗೆ ಒಂದೇ ಇಂಗ್ಲಿಷ್ ಕಾಗುಣಿತ. ಅಂತರಜಾಲ ಸೇವೆ ಮಾರುವ ಸದಸ್ಯರಿದ್ದರೆ ಅವರ ಸಾಲಿನಲ್ಲಿ ಎ.ಎಸ್. ಸಂಖ್ಯೆಯನ್ನೂ ಸೇರಿಸಬೇಕು. ಸ್ವಂತ ಸಂಖ್ಯೆ ಇಲ್ಲದೆ ಬೇರೆಯವರ ಜಾಲವನ್ನು ಮರುಮಾರಾಟ ಮಾಡುವವರು ಆ ಜಾಲದ ಸಂಖ್ಯೆಯನ್ನು ಬರೆಯಲಿ. ಮರುಮಾರಾಟದಲ್ಲಿ ಅಡತ ಅಂಗಡಿಯವರಿಗೆ ಎಂದೂ ನಾಚಿಕೆಯಾದದ್ದಿಲ್ಲ.